ಆರಿದ ಕುಲುಮೆಗೆ ಕಾವಲು ಯಾಕೆ?

ಹುಬ್ಬಳ್ಳಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ದುಡಿದು ನಿವೃತ್ತರಾದವರು. ಜರ್ಮನಿಯ ಫೋಲ್ಕ್ಲಿಂಗನ್ ಊರಿನ ಹಳೆಯ ಕಬ್ಬಿಣದ ಕಾರ್ಖಾನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದಕ್ಕೆ ಅವರ ತಕರಾರು ಎರಡು. ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯನ್ನು ನಾವು 'ದೊಡ್ಡ ಕ್ಯುಪೋಲಾ' (ಫೌಂಡ್ರಿಯ ಕರಗಿಸುವ ಕುಲುಮೆ) ಎಂದದ್ದು ತಪ್ಪು ಅನ್ನುವುದು ಒಂದು. ಇನ್ನೊಂದನ್ನು ಅವರ ಮಾತಿನಲ್ಲೇ ಕೇಳಿ: "ಆರಿದ ಕುಲುಮಿ ಅಂದ್ರ ಗುಜರಿ. ಸತ್ತ ಎಮ್ಮಿಗೆ ಹಾರ ಹಾಕಿ ಟಿಕೆಟ್ ಹರಿಯೂದು ಯಾಕ್ರಿ? ಕರಗಿಸಿದ್ರ ನಾಕು ಸೇತುವಿ ಆಗ್ತಾವು."

ಮೊದಲನೆಯದಕ್ಕೆ ನಮ್ಮದು ಬರೀ ತಪ್ಪೊಪ್ಪಿಗೆ. ಕ್ಯುಪೋಲಾ ಕರಗಿಸುತ್ತದೆ, ಅಷ್ಟೇ. ಬೀಡುಕಬ್ಬಿಣವನ್ನೋ ಗುಜರಿಯನ್ನೋ ಹಾಕಿದರೆ ನೀರು ಮಾಡಿ ಕೊಡುತ್ತದೆ. ಊದುಕುಲುಮೆಗೆ ಹಾಕುವುದು ಕಬ್ಬಿಣವನ್ನಲ್ಲ, ಕೆಂಪು ಕಲ್ಲನ್ನು. ಅದಿರು, ಕೋಕ್ (ಗಾಳಿ ತಾಗದಂತೆ ಕಾಯಿಸಿದ ಕಲ್ಲಿದ್ದಲು), ಸುಣ್ಣದಕಲ್ಲು ಮೇಲಿಂದ ಸುರಿಯುತ್ತವೆ, ಕೆಳಗಿಂದ ಕಾದ ಗಾಳಿ ನುಗ್ಗುತ್ತದೆ. ಕೋಕ್ ಉರಿದು ಹುಟ್ಟುವ ಅನಿಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಸುಣ್ಣ ಕಸವನ್ನೆಲ್ಲ ಬಳಿದುಕೊಂಡು ಕಿಟ್ಟವಾಗಿ ತೇಲುತ್ತದೆ, ತಳದಲ್ಲಿ ಕಬ್ಬಿಣ ನಿಲ್ಲುತ್ತದೆ. ನೀವು ಬರೆದ ಹಾಗೆ, ಒಂದು ಬಾಣಸಿಗನ ಕೆಲಸ, ಇನ್ನೊಂದು ರೈತನ ಕೆಲಸ. ಈ ಹೋಲಿಕೆ ನಮ್ಮ ಲೇಖನಕ್ಕಿಂತ ಚೆನ್ನಾಗಿದೆ.

ಎರಡನೆಯದನ್ನು ಮಾತ್ರ ಒಪ್ಪಲಾರೆ.

ಸೇತುವೆಯ ಮಾತು ನೀವೇ ತೆಗೆದಿರಿ. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಿಲು ಬಿಟ್ಟು ಕೋಕ್ ಹಾಕಿ ಅದಿರು ಕರಗಿಸಿದ. ಎಪ್ಪತ್ತು ವರ್ಷದ ಮೇಲೆ, 1779ರಲ್ಲಿ, ಅವನ ಮೊಮ್ಮಗ ಹತ್ತಿರದ ಸೆವರ್ನ್ ಹೊಳೆಯ ಮೇಲೆ ಎರಕದ ಕಬ್ಬಿಣದ ಸೇತುವೆ ನಿಲ್ಲಿಸಿದ. ಆ ಸೇತುವೆಯೂ ಇದೆ, ಆ ಕುಲುಮೆಯೂ ಇದೆ. ಕುಲುಮೆ ಕೆಡವಿಹಾಕಿದ್ದರೆ ಸೇತುವೆಯನ್ನು ನೋಡಿ ಚೆಂದ ಅನ್ನಬಹುದಿತ್ತು. ಅದು ಎಲ್ಲಿಂದ ಬಂತೆಂದು ಬೆರಳು ಮಾಡಿ ತೋರಿಸಲು ಆಗುತ್ತಿರಲಿಲ್ಲ.

'ಒಂದು ತುಂಡು ಮ್ಯೂಸಿಯಂನಾಗ ಇಡ್ರಿ, ಸಾಕು' ಎಂದೂ ಬರೆದಿದ್ದೀರಿ. ರೈಲಿನ ಎಂಜಿನ್ನಿಗೆ ಆ ಮಾತು ಸರಿ. ನಮ್ಮ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂನಲ್ಲಿ ನ್ಯಾರೋಗೇಜ್ ಎಂಜಿನ್ ನಿಂತಿದೆ. ಹಳಿ ಇಲ್ಲದಿದ್ದರೂ ಅದು ಎಂಜಿನ್ನೇ. ಊದುಕುಲುಮೆ ಹಾಗಲ್ಲ. ಫೋಲ್ಕ್ಲಿಂಗನ್‌ನಲ್ಲಿ ಆರು ಕುಲುಮೆಗಳು ಸಾಲಾಗಿವೆ. ಅವುಗಳ ಬಾಯಿ ಇರುವ ಅಟ್ಟ ನೆಲದಿಂದ 27 ಮೀಟರ್ ಮೇಲೆ. ಅಲ್ಲಿಗೆ ಅದಿರು ಏರಿಸುವ ತೂಗುತೊಟ್ಟಿಗಳು, ಗಾಳಿ ಕಾಯಿಸುವ ಗೋಪುರಗಳು, ಆ ಗಾಳಿ ಊದುವ ಎಂಜಿನ್‌ಗಳ ಹಜಾರ. ಒಂದನ್ನು ಕಿತ್ತರೆ ಉಳಿದದ್ದಕ್ಕೆ ಅರ್ಥವಿಲ್ಲ. ತಿದಿ ಬಿಟ್ಟು ಬರೀ ಅಡಿಗಲ್ಲು ಕಾಯ್ದಿಟ್ಟ ಕಮ್ಮಾರಸಾಲೆ ಕಂಡಿದ್ದೀರಾ? 1986ರಲ್ಲಿ ಅಲ್ಲಿ ಬೆಂಕಿ ಆರಿತು. 1994ರಲ್ಲಿ ಯುನೆಸ್ಕೋ ಇಡೀ ಕಾರ್ಖಾನೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುದ್ಧಕಾಲದಲ್ಲಿ ಬಲವಂತದ ಆಳುಗಳನ್ನು ದುಡಿಸಿಕೊಂಡ ಜಾಗ ಅದು. ಆ ಕಥೆಯನ್ನೂ ಅಲ್ಲೇ ಹೇಳುತ್ತಾರೆ. ಹಾರ ಹಾಕುವವರು ಅದನ್ನು ಹೇಳುವುದಿಲ್ಲ.

ತುಕ್ಕಿನ ಖರ್ಚಿನ ಬಗ್ಗೆ ನೀವು ಹೇಳಿದ್ದು ದಿಟ. ಮಳೆಗೆ ತೆರೆದ ಕಬ್ಬಿಣ ಕಾಯುವುದೆಂದರೆ ತೂತು ಕೊಡಕ್ಕೆ ನೀರು ಹೊತ್ತ ಹಾಗೆ.

"ನಮ್ಮ ಕಡೆ ಇಂಥಾದ್ದೇನೈತಿ?" ಎಂದು ಕೇಳಿದ್ದೀರಿ. ಹಾವೇರಿ ಜಿಲ್ಲೆಯ ಹಳ್ಳೂರಿಗೆ ಹೋಗಿ ಬನ್ನಿ. ತುಂಗಭದ್ರೆಯ ದಂಡೆಯ ಆ ಊರಲ್ಲಿ 1965ರಲ್ಲಿ ಅಗೆದಾಗ ಸಿಕ್ಕ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿನದು. ಇನ್ನೂ ಸ್ವಲ್ಪ ದಕ್ಷಿಣಕ್ಕೆ ಭದ್ರಾವತಿ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ, ಕಾಡಿತ್ತು. ಹಾಗಾಗಿ 1923ರಲ್ಲಿ ಮಲೆನಾಡಿನ ಮರದ ಇದ್ದಿಲಿನಲ್ಲೇ ಅಲ್ಲಿ ಊದುಕುಲುಮೆ ಹೊತ್ತಿಸಿದರು, ಕೆಮ್ಮಣ್ಣುಗುಂಡಿಯ ಅದಿರು ತಂದರು. ನೂರು ವರ್ಷ ತುಂಬಿದ ವರ್ಷದಲ್ಲೇ ಆ ಕಾರ್ಖಾನೆಯನ್ನು ಮುಚ್ಚುವ ಮಾತು ಬಂತು. ಯಾವುದನ್ನು ಉಳಿಸಬೇಕು ಎಂದು ಕೇಳುವ ಹೊತ್ತು ಅದು, ಎಷ್ಟಕ್ಕೆ ತೂಗಬೇಕು ಎಂದಲ್ಲ.

ಇನ್ನೊಂದು ಕಥೆ ನಿಮಗಾಗಿಯೇ ಇಟ್ಟಿದ್ದೆ. ಅಮೆರಿಕದ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಸ್ಲಾಸ್ ಎಂಬ ಊದುಕುಲುಮೆಗಳಿವೆ. 1882ರಲ್ಲಿ ಹೊತ್ತಿದ್ದು 1971ರಲ್ಲಿ ಆರಿತು. ಗುಜರಿಗೆ ಹೋಗಬೇಕಿದ್ದದ್ದನ್ನು ಊರವರು ಹಟ ಹಿಡಿದು ಉಳಿಸಿಕೊಂಡರು. 1983ರಿಂದ ಅದು ಮ್ಯೂಸಿಯಂ. ದೊಡ್ಡ ಕುಲುಮೆಗಳು ತಣ್ಣಗೆ ನಿಂತಿವೆ. ಆದರೆ ಪಕ್ಕದ ಶೆಡ್ಡಿನಲ್ಲಿ ಕಲಾವಿದರು, ವಿದ್ಯಾರ್ಥಿಗಳು ಇವತ್ತಿಗೂ ಕಬ್ಬಿಣ ಎರಕ ಹೊಯ್ಯುತ್ತಾರೆ. ಯಾತರಲ್ಲಿ ಅಂದಿರಾ? ಕ್ಯುಪೋಲಾದಲ್ಲಿ! ರೈತ ಹೋದ, ಬಾಣಸಿಗ ಉಳಿದ. ಅಲ್ಲಿ ಕಲಿಯುವ ಹುಡುಗರಿಗೆ ಹೇಳಿಕೊಡಲು ಕೈ ಸುಟ್ಟುಕೊಂಡ ಮನುಷ್ಯರು ಬೇಕು.

ಹಾಗಾಗಿ ಒಂದು ಕೋರಿಕೆ. ಮೂರನೇ ಪುಟದಲ್ಲಿ ನೀವು ಎರಡು ಸಾಲು ಬರೆದು ಹೊಡೆದುಹಾಕಿದ್ದೀರಿ. ಬೆಳಕಿಗೆ ಹಿಡಿದು ಓದಿದೆ, ಕ್ಷಮಿಸಿ. ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಮುರಿದು ನೋಡಿದಾಗ ಅಂಚು ಉದುರದೆ ನಿಂತರೆ ನೀರು ಹದ ಎಂದು ಅಲ್ಲಿತ್ತು. ನೀರು ಹೆಚ್ಚಾದರೆ ಏನಾಗುತ್ತದೆ ಎನ್ನುವಲ್ಲಿಗೆ ಗೀಟು ಬಿದ್ದಿದೆ. ಅಲ್ಲಿಂದ ಮುಂದೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ.

— ಸಂಪಾದಕ