ಅಂಟಿನುಂಡೆ ವಿಮಾನ ಹತ್ತಬಹುದಾ?

ಪ್ರಶ್ನೆ: ಅಕ್ಕಾರ, ನಮಸ್ಕಾರ. ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೇನೆ. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ದುಬೈ. ವಿಮಾನ ಹತ್ತುವುದು ಇದೇ ಮೊದಲು. ಶಾಂಪೂ, ಕೊಬ್ಬರಿ ಎಣ್ಣೆ, ಪೇಸ್ಟು ಯಾವ ಬ್ಯಾಗಿಗೆ ಹಾಕಲಿ? 100 ಎಂಎಲ್ ಅಂತಾರಲ್ಲ, ಏನದು? ನನಗೆ ಶುಗರ್ ಇದೆ, ಇನ್ಸುಲಿನ್ ಒಯ್ಯಬೇಕು. ಎರಡು ಕಿಲೋ ಅಂಟಿನುಂಡೆಯೂ ಕಟ್ಟಿಟ್ಟಿದ್ದೇನೆ.
– ಗದಗಿನ ಓದುಗರು

ಉತ್ತರ: ಅಜ್ಜಿ ಆಗುತ್ತಿದ್ದೀರಿ, ಸಂತೋಷ. ಆದರೆ ಶಾಂಪೂ ಆಮೇಲೆ ನೋಡೋಣ, ಮೊದಲು ಉಂಡೆಯ ಡಬ್ಬಿ ತೆಗೆಯಿರಿ. ಗಸಗಸೆ ಹಾಕಿದ್ದೀರಾ? ಹಾಕಿಯೇ ಇರುತ್ತೀರಿ, ನಮ್ಮ ಕಡೆ ಬಾಣಂತಿಗೆ ಮಾಡುವ ಉಂಡೆಗೆ ಅದಿಲ್ಲದೆ ಹೇಗೆ. ಹಾಗಿದ್ದರೆ ಆ ಎರಡು ಕಿಲೋ ಓಣಿಯಲ್ಲೇ ಹಂಚಿಬಿಡಿ. ಗಸಗಸೆ ಅಫೀಮಿನ ಗಿಡದ ಬೀಜ. ನಮಗೆ ಅದು ಪಾಯಸದ ಸಾಮಾನು, ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕ. ಒಂದು ಚಮಚ ಅಂತ ಬಿಡುವುದಿಲ್ಲ, ಗೊತ್ತಿರಲಿಲ್ಲ ಅಂದರೂ ಕೇಳುವುದಿಲ್ಲ. ಮಸಾಲೆ ಡಬ್ಬಿಯ ಮೂಲೆಯಲ್ಲಿ ಉಳಿದಿರುತ್ತದೆ ನೋಡಿ, ಆ ಡಬ್ಬಿಯನ್ನೂ ಹಾಗೇ ಒಯ್ಯಬೇಡಿ. ಗಸಗಸೆ ಬಿಟ್ಟು, ಅಂಟು, ಉತ್ತತ್ತಿ, ಬೆಲ್ಲ ಹಾಕಿ ಹೊಸದಾಗಿ ಕಟ್ಟಿ.

ಕೊಬ್ಬರಿ ಬಟ್ಟಲನ್ನೂ ಬಿಡಿಯಾಗಿ ತುಂಬಬೇಡಿ. ಎಣ್ಣೆ ಅಂಶ ಜಾಸ್ತಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರ ಅಪಾಯದ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ದುಬೈನ ಕರಾಮಾದಲ್ಲಿ ನಮ್ಮವರ ಅಂಗಡಿಗಳು ಸಾಲಾಗಿವೆ, ಕೊಬ್ಬರಿ ಅಲ್ಲೇ ಸಿಗುತ್ತದೆ.

ಇನ್ನು ನಿಮ್ಮ 100 ಎಂಎಲ್. 2006ರ ಆಗಸ್ಟಿನಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿ ವಿಮಾನ ಸ್ಫೋಟಿಸಲು ಹೂಡಿದ್ದ ಸಂಚೊಂದು ಲಂಡನ್ನಿನಲ್ಲಿ ಬಯಲಾಯಿತು. ಅಲ್ಲಿಂದ ಬಂದ ನಿಯಮ ಇದು. ಕೈಯಲ್ಲಿ ಹಿಡಿದು ವಿಮಾನದೊಳಗೆ ಒಯ್ಯುವ ಬ್ಯಾಗಿನಲ್ಲಿ ದ್ರವ, ಜೆಲ್, ಕ್ರೀಮು ಏನಿದ್ದರೂ ಒಂದೊಂದು ಬಾಟಲಿ 100 ಎಂಎಲ್ ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಇಲ್ಲೇ ಎಲ್ಲರೂ ಎಡವುವುದು: ನೋಡುವುದು ಬಾಟಲಿಯ ಅಳತೆ, ಒಳಗೆ ಎಷ್ಟಿದೆ ಅಂತಲ್ಲ. 200 ಎಂಎಲ್ ಶಾಂಪೂ ಬಾಟಲಿಯ ತಳದಲ್ಲಿ ಎರಡು ಚಮಚ ಉಳಿದಿದ್ದರೂ ಅದು ತೊಟ್ಟಿಗೇ. ಹಲ್ಲಿನ ಪೇಸ್ಟು, ವಿಕ್ಸು, ಅಮೃತಾಂಜನ ಎಲ್ಲ ಇದೇ ಲೆಕ್ಕ. ಸುಮ್ನೆ ತಲೆ ಕೆಡಿಸಿಕೊಳ್ಳುವುದು ಯಾಕೆ, ಕಿರಾಣಿ ಅಂಗಡಿಯಲ್ಲಿ ತೂಗುಹಾಕಿರುವ ಶಾಂಪೂ ಪ್ಯಾಕೆಟ್ಟಿನ ಮಾಲೆಯಿಂದ ನಾಲ್ಕು ಹರಿದುಕೊಳ್ಳಿ, ಚಿಕ್ಕ ಪೇಸ್ಟು ಒಂದು ತಗೊಳ್ಳಿ, ಮುಗಿಯಿತು. ಸ್ನಾನದ ಸಾಬೂನು ಗಟ್ಟಿ ಪದಾರ್ಥ, ಅದಕ್ಕೆ ಈ ಮಿತಿಯೇ ಇಲ್ಲ.

ಎಣ್ಣೆಯ ದೊಡ್ಡ ಬಾಟಲಿ ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿಗೆ ಹೋಗಲಿ. ಆದರೆ ಕಂಠಮಟ್ಟ ತುಂಬಿಸಬೇಡಿ. ಮೇಲೆ ಹೋದಂತೆ ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಬಾಟಲಿಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರಗೆ ದೂಡುತ್ತದೆ. ಸ್ವಲ್ಪ ಕಡಿಮೆ ತುಂಬಿ, ಬಾಟಲಿ ಒತ್ತಿ ಗಾಳಿ ತೆಗೆಯಿರಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ. ಆಮೇಲೂ ಒಂದು ಪಾಲಿಥಿನ್ ಚೀಲಕ್ಕೆ ಹಾಕಿ ಗಂಟು ಬಿಗಿಯಿರಿ. ನಾನು ಒಮ್ಮೆ ಅಸಡ್ಡೆ ಮಾಡಿ ಇಳಕಲ್ ಸೀರೆಯ ಸೆರಗಿಗೆಲ್ಲ ಎಣ್ಣೆ ಕುಡಿಸಿದ್ದೇನೆ, ಕಲೆ ಇವತ್ತಿಗೂ ಇದೆ.

ಇನ್ಸುಲಿನ್ ಮಾತ್ರ ಕೈಬ್ಯಾಗಿನಲ್ಲೇ ಇರಲಿ. ಕೆಳಗಿನ ಡಿಕ್ಕಿಯಲ್ಲಿ ಚಳಿಗೆ ಹೆಪ್ಪುಗಟ್ಟಿದರೆ ಔಷಧಿ ಕೆಡುತ್ತದೆ, ಬ್ಯಾಗ್ ತಡವಾಗಿ ಬಂದರಂತೂ ಕಷ್ಟ. ದ್ರವದ ಮಿತಿ ಔಷಧಿಗೆ ಅಡ್ಡ ಬರುವುದಿಲ್ಲ, ಡಾಕ್ಟರ ಚೀಟಿ ಜೊತೆಗಿರಬೇಕು ಅಷ್ಟೇ. ಮೊಣಕಾಲು ನೋವಿಗೆ ಟ್ರಮಡಾಲ್, ಕೆಮ್ಮಿಗೆ ಕೊಡೀನ್ ಇರುವ ಸಿರಪ್ ಏನಾದರೂ ತಗೊಳ್ಳುತ್ತೀರಾ? ಅವಕ್ಕೂ ಅಲ್ಲಿ ಕಟ್ಟುನಿಟ್ಟು. ಹೊರಡುವ ಮುಂಚೆಯೇ ಯುಎಇ ಸರ್ಕಾರದ ಅನುಮತಿ ಬೇಕು, ಅಳಿಯಂದಿರಿಗೆ ಹೇಳಿ ಮಾಡಿಸಿ.

ಪ್ರಶ್ನೆ: ಪವರ್ ಬ್ಯಾಂಕ್ 20,000 ಎಂಎಎಚ್ ಇದೆ. ದೆಹಲಿಗೆ ಒಯ್ಯಲು ಬಿಡುತ್ತಾರಾ? ಟ್ರಿಮ್ಮರ್, ರೇಜರ್?
– ಧಾರವಾಡ ಸಪ್ತಾಪುರದ ವಿದ್ಯಾರ್ಥಿ

ಉತ್ತರ: ಬಿಡುತ್ತಾರೆ, ಆದರೆ ಕೈಬ್ಯಾಗಿನಲ್ಲಿ ಮಾತ್ರ. ಲೀಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಸಿಬ್ಬಂದಿ ಇರುತ್ತಾರೆ, ಡಿಕ್ಕಿಯಲ್ಲಿ ಯಾರಿರುತ್ತಾರೆ? ಮಿತಿ ಇರುವುದು 100 ವ್ಯಾಟ್-ಅವರ್. 20,000 ಎಂಎಎಚ್ ಅಂದರೆ 20 ಆಂಪಿಯರ್-ಅವರ್, ಅದನ್ನು ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸು, ನಿನ್ನದು 74. ಆರಾಮಾಗಿ ಪಾಸು. ಮೇಲೆ ಬರೆದ ಅಕ್ಷರ ಅಳಿಸಿದ್ದರೆ ಮಾತ್ರ ತಕರಾರು ಮಾಡಬಹುದು. ಟ್ರಿಮ್ಮರ್ ಒಯ್ಯಿ, ಬ್ಲೇಡು ಪ್ಲಾಸ್ಟಿಕ್ಕಿನಲ್ಲಿ ಕೂತಿರುವ ರೇಜರೂ ನಡೆಯುತ್ತದೆ. ಬಿಡಿ ಬ್ಲೇಡು, ಕತ್ತರಿ ದೊಡ್ಡ ಬ್ಯಾಗಿಗೆ. ಲೈಟರ್, ಬೆಂಕಿಪೊಟ್ಟಣ ಯಾವ ಬ್ಯಾಗಿಗೂ ಬೇಡ. ನಿನ್ನ ಹತ್ತಿರ ಲೈಟರ್ ಯಾಕಿರುತ್ತದೆ ಅಂತ ನಾನು ಕೇಳುವುದಿಲ್ಲ.

ಪ್ರಶ್ನೆ: ಮಗನಿಗೆ ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ, ಉಪ್ಪಿನಕಾಯಿ, ರೊಟ್ಟಿ, ಶೇಂಗಾ ಹಿಂಡಿ ಒಯ್ಯಬೇಕು. ಕೈಬ್ಯಾಗಿನಲ್ಲಿ ಇಟ್ಟುಕೊಂಡರೆ ನಡೆಯುತ್ತದೆಯೇ?
– ಹಾವೇರಿಯ ಓದುಗರು

ಉತ್ತರ: ರೊಟ್ಟಿ ಮಾತ್ರ. ಅದನ್ನು ಕೈಯಲ್ಲೇ ಹಿಡಿಯಿರಿ, ಕೆಳಗೆ ಹಾಕಿದರೆ ಖಡಕ್ ರೊಟ್ಟಿ ಪುಡಿಯಾಗಿ ಸಿಗುತ್ತದೆ. ಖಾರಪುಡಿಯನ್ನು ಕಣ್ಣಿಗೆ ಎರಚಬಹುದಲ್ವಾ, ಅದಕ್ಕೇ ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿಯನ್ನೂ ತಡೆಯಬಹುದು. ನನಗೆ ಇದು ತಿಳಿದದ್ದು ತಪಾಸಣೆಯ ಟ್ರೇ ಮುಂದೆ. ಸಿಬ್ಬಂದಿ ನನ್ನ ಮಾವಿನ ಉಪ್ಪಿನಕಾಯಿಯ ಡಬ್ಬಿ ಎತ್ತಿ, ಮುಚ್ಚಳ ತೆಗೆದು ಮೂಸಿ, "ದೊಡ್ಡ ಬ್ಯಾಗಿಗೆ ಹಾಕಿ ಬನ್ನಿ" ಅಂದರು. ಅಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಎರಡು ವರ್ಷ ಹಳೆಯ ಉಪ್ಪಿನಕಾಯಿ ಅದು, ನಮ್ಮ ಅತ್ತೆ ಹಾಕಿದ್ದು. ಹಿಂಡಿಯಲ್ಲೂ ಖಾರ ಇರುತ್ತದೆ, ಅದನ್ನೂ ಖಾರಪುಡಿಯ ಜೊತೆ ದೊಡ್ಡ ಬ್ಯಾಗಿಗೆ ಹಾಕಿ. ಡಬ್ಬಿಗಳಿಗೆ ಟೇಪು ಸುತ್ತಿ, ಮಗನ ಹೊಸ ಅಂಗಿಗಳಿಂದ ದೂರ ಇಡಿ.