ಮೂಸಂಬಿಗೆ ಬೂಷ್ಟು ಬಾರದಂತೆ ಯೀಸ್ಟ್ ಹಚ್ಚಬಹುದಾ?

ನೀವು ಕೇಳಿರುವುದು ಇಷ್ಟು: ಮಂಡ್ಯದ ಹತ್ತಿರ ತೋಟದಲ್ಲಿ ಮೂಸಂಬಿ ಇದೆ, ಕಿತ್ತಿಟ್ಟ ವಾರದೊಳಗೆ ಹಸಿರು ಬೂಷ್ಟು ಹಿಡಿಯುತ್ತದೆ, ಔಷಧಿ ಹಾಕಲು ಮನಸ್ಸಿಲ್ಲ. ಯೀಸ್ಟ್ ಬೂಷ್ಟನ್ನು ತಡೆಯುತ್ತದೆ ಅಂತ ಎಲ್ಲೋ ಓದಿದ್ದೀರಿ. ಬೇಕರಿ ಯೀಸ್ಟನ್ನೋ ಇಡ್ಲಿ ಹಿಟ್ಟಿನ ನೀರನ್ನೋ ಹಚ್ಚಿದರೆ ಆಗುತ್ತಾ ಅಂತ.

ಹಚ್ಚಬೇಡಿ. ನಾನು ಹಚ್ಚಿ ಕೈ ಸುಟ್ಟುಕೊಂಡವನು. ಮೈಸೂರಿನಲ್ಲಿ ನಮ್ಮದು ಸಣ್ಣ ಹಣ್ಣಿನ ವ್ಯಾಪಾರ. ಒಂದು ಸಲ ಒಂದು ಕ್ರೇಟು ಮೂಸಂಬಿಯನ್ನು ಬೇಕರಿ ಯೀಸ್ಟ್ ಕದಡಿದ ನೀರಿನಲ್ಲಿ ಅದ್ದಿ ಇಟ್ಟೆ. ಯೀಸ್ಟ್ ಚೆನ್ನಾಗಿ ಏಳಲಿ ಅಂತ ಒಂದು ಹಿಡಿ ಬೆಲ್ಲ ಬೇರೆ. ಮೂರನೇ ದಿನಕ್ಕೆ ಗೋಡೌನೆಲ್ಲ ಹೆಂಡದಂಗಡಿ ವಾಸನೆ. ಸಣ್ಣ ನೊಣ ಮುತ್ತಿಕೊಂಡವು. ಬೂಷ್ಟು ಮಾತ್ರ ತನ್ನ ಪಾಡಿಗೆ ತಾನು ಬಂತು.

ಹಾಗಂತ ನೀವು ಓದಿದ್ದು ಸುಳ್ಳಲ್ಲ. ಈ ಹಸಿರು ಬೂಷ್ಟಿಗೆ, ಅಂದರೆ ಪೆನಿಸಿಲಿಯಂ ಡಿಜಿಟೇಟಮ್‌ಗೆ, ಗಟ್ಟಿ ಸಿಪ್ಪೆಯನ್ನು ತೂರಿ ಒಳಗೆ ಹೋಗುವ ತಾಕತ್ತಿಲ್ಲ. ಗಾಯ ಬೇಕು. ಉಗುರು ತಾಗಿದ್ದೋ, ಮುಳ್ಳು ಗೀರಿದ್ದೋ, ಎಳೆದು ಕಿತ್ತಾಗ ತೊಟ್ಟಿನ ಹತ್ತಿರ ಸಿಪ್ಪೆ ಹರಿದಿದ್ದೋ. ಅಲ್ಲಿ ಜಿನುಗುವ ರಸ ಕುಡಿದೇ ಅದರ ಬೀಜಕಣ ಮೊಳೆಯುವುದು. ಒಳ್ಳೆಯ ಯೀಸ್ಟ್ ಅದಕ್ಕಿಂತ ಮೊದಲು ಆ ಗಾಯದೊಳಗೆ ಕೂತು, ಬೇಗ ಬೇಗ ಮರಿ ಹಾಕಿ, ರಸವನ್ನೆಲ್ಲ ಖಾಲಿ ಮಾಡುತ್ತದೆ. ಬಸ್ಸಿನಲ್ಲಿ ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ನಾನು ಬೆಲ್ಲ ಹಾಕಿ ಇಬ್ಬರಿಗೂ ಊಟ ಬಡಿಸಿದ್ದೆ!

ಇದು ಗೊತ್ತಾದ ಕತೆ ಚೆನ್ನಾಗಿದೆ. 1980ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ವಿಲ್ಸನ್ ಮತ್ತು ಇಸ್ರೇಲಿನ ಎಡೊ ಚಲುಟ್ಜ್ ಅನ್ನುವ ವಿಜ್ಞಾನಿಗಳು ಕಿತ್ತಳೆ ಜಾತಿಯ ಹಣ್ಣು ತೊಳೆದ ನೀರನ್ನು ಪ್ರಯೋಗಾಲಯದ ತಟ್ಟೆಗೆ ಹಾಕಿ, ಏನು ಬೆಳೆಯುತ್ತದೆ ಅಂತ ನೋಡಿದರು. ಆ ನೀರನ್ನು ತೆಳ್ಳಗೆ ಮಾಡದೆ ಹಾಕಿದಾಗ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಮಾತ್ರ ಬಂದವು. ಅದನ್ನೇ ತೆಳ್ಳಗೆ ಮಾಡಿ ಹಾಕಿದಾಗ ಬೂಷ್ಟು ತಲೆ ಎತ್ತಿತು. ಅಂದರೆ ಬೂಷ್ಟು ಮೊದಲೂ ಇತ್ತು, ಜೊತೆಯವರು ಅದನ್ನು ಮೇಲೇಳಲು ಬಿಟ್ಟಿರಲಿಲ್ಲ. ತೊಳೆದು ಒಣಗಿಸಿ ಇಟ್ಟ ಹಣ್ಣು ತೊಳೆಯದ ಹಣ್ಣಿಗಿಂತ ಬೇಗ ಕೊಳೆಯಿತು. ಇದನ್ನು ಓದಿದ ದಿನವೇ ನಮ್ಮಲ್ಲಿ ಲೋಡು ಬಂದ ಕೂಡಲೇ ತೊಳೆಯುವ ಅಭ್ಯಾಸ ನಿಲ್ಲಿಸಿದೆ. ತಿನ್ನುವಾಗ ತೊಳೆದುಕೊಂಡರೆ ಸಾಕು, ಅಲ್ವಾ?

ಆಮೇಲೆ ಇಂಥ ಯೀಸ್ಟುಗಳನ್ನು ಆರಿಸಿ ಮಾರಾಟಕ್ಕೂ ತಂದರು. ಕ್ಯಾಂಡಿಡಾ ಒಲಿಯೋಫಿಲಾ ಅನ್ನುವ ಯೀಸ್ಟಿನಿಂದ ಮಾಡಿದ 'ಆಸ್ಪೈರ್' 1995ರಲ್ಲಿ ಅಮೆರಿಕದಲ್ಲಿ ಬಂತು, ಮುಂದೆ ನಿಂತೂ ಹೋಯಿತು. ಪ್ರಯೋಗಗಳಲ್ಲಿ ಒಂದು ಮಿಲಿಲೀಟರ್ ನೀರಿಗೆ ಸುಮಾರು 10 ಕೋಟಿ ಯೀಸ್ಟ್ ಕಣ ಇರುವಂತೆ ಹಾಕುತ್ತಾರೆ. ಅಡುಗೆಮನೆಯಲ್ಲಿ ಆಗುವ ಕೆಲಸ ಅಲ್ಲ. ಇಡ್ಲಿ ಹಿಟ್ಟಿನ ನೀರಿನಲ್ಲಂತೂ ಯೀಸ್ಟಿಗಿಂತ ಹುಳಿ ಬರಿಸುವ ಬ್ಯಾಕ್ಟೀರಿಯಾನೇ ಜಾಸ್ತಿ.

ಇನ್ನೊಂದು ಮಾತು. ಬೂಷ್ಟು ಒಳಗೆ ಇಳಿದ ಮೇಲೆ ಯಾವ ಯೀಸ್ಟೂ ಅದನ್ನು ಹೊರಗೆ ಹಾಕಲಾರದು. ಮಾವಿನ ಹಣ್ಣಿನ ಕಪ್ಪು ಚುಕ್ಕಿ ರೋಗ ಇದೆಯಲ್ಲ, ಅದು ಮರದಲ್ಲಿ ಕಾಯಿ ಇನ್ನೂ ಎಳಸಾಗಿದ್ದಾಗಲೇ ಸೇರಿಕೊಂಡು, ಹಣ್ಣಾಗುವವರೆಗೆ ಸುಮ್ನೆ ಕೂತಿರುತ್ತದೆ. ಅಂಥದಕ್ಕೆ ಮೇಲೆ ಹಚ್ಚಿ ಏನು ಬಂತು?

ನಿಮ್ಮ ಮೂಸಂಬಿಗೆ ನಾನಾದರೆ ಮಾಡುವುದು: ಎಳೆದು ಕೀಳದೆ ಕತ್ತರಿಯಲ್ಲಿ ತೊಟ್ಟು ಹಣ್ಣಿನ ಮಟ್ಟಕ್ಕೆ ಕತ್ತರಿಸುವುದು. ಉದ್ದ ತೊಟ್ಟು ಬಿಟ್ಟರೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಕೀಳುವವರ ಉಗುರು ಸಣ್ಣಗಿರಲಿ. ಮಳೆ ಬಿದ್ದ ದಿನ, ಇಬ್ಬನಿ ಆರುವ ಮೊದಲು ಕೀಳುವುದು ಬೇಡ. ಗೀರು ಬಿದ್ದದ್ದನ್ನು ಬೇರೆ ಇಟ್ಟು ಮೊದಲು ಮಾರಿಬಿಡಿ.

ಕ್ರೇಟಿನಲ್ಲಿ ಒಂದು ಹಣ್ಣು ಹಸಿರಾಗಿದ್ದರೆ ಗಬಕ್ಕನೆ ಎತ್ತಬೇಡಿ. ಮುಟ್ಟಿದ ಕೂಡಲೇ ಹಸಿರು ಪುಡಿ ಹೊಗೆಯ ಹಾಗೆ ಏಳುತ್ತದೆ, ಅಕ್ಕಪಕ್ಕದ ಹಣ್ಣಿನ ಮೇಲೆಲ್ಲ ಕೂರುತ್ತದೆ. ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಹಣ್ಣನ್ನು ಮೆಲ್ಲಗೆ ಹಿಡಿಯಿರಿ. ಕವರನ್ನು ಹಾಗೇ ಮಗುಚಿ ಗಂಟು ಕಟ್ಟಿ, ಹೊರಗೆ ಒಯ್ಯಿರಿ. ಆ ಕ್ರೇಟನ್ನು ಸೋಪು ನೀರಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸಿದ ಮೇಲೆಯೇ ಮುಂದಿನ ಹಣ್ಣು ತುಂಬಿ.