ಶುಗರ್ ಇಲ್ಲ, ಆದರೂ ಶುಗರ್ ಮಾತ್ರೆ ಯಾಕೆ? ಕಿಡ್ನಿ ಬಗ್ಗೆ ಓದುಗರ ಪ್ರಶ್ನೆಗಳು

ಕಿಡ್ನಿ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಬಹಳಷ್ಟಕ್ಕೆ ಒಂದೇ ಧಾಟಿ: ಇನ್ನು ಡಯಾಲಿಸಿಸ್ಸೇ ಗತಿಯಾ? ಇಪ್ಪತ್ತು ವರ್ಷದ ಹಿಂದೆ ಕೇಳಿದ್ದರೆ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಈಗ ಇದೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ತಂದೆಗೆ 61 ವರ್ಷ. ಬಹಳ ವರ್ಷದಿಂದ ಶುಗರ್ ಇದೆ. ಈ ಸಲ ಕ್ರಿಯಾಟಿನಿನ್ 1.4, ಇಜಿಎಫ್‌ಆರ್ 57 ಬಂದಿದೆ. ಡಾಕ್ಟರು "ಸ್ವಲ್ಪ ಜಾಸ್ತಿ, ಏನಿಲ್ಲ" ಅಂದರು. ನೆಂಟರೊಬ್ಬರು "ಕಿಡ್ನಿ ಹೋಯ್ತು" ಅಂದರು. ಯಾರ ಮಾತು ನಂಬೋದು ಸರ್?

ಸದ್ಯಕ್ಕೆ ಇಬ್ಬರದ್ದೂ ಬೇಡ. ಕ್ರಿಯಾಟಿನಿನ್ ಅನ್ನೋದು ಮಾಂಸಖಂಡಗಳಿಂದ ಬರುವ ಕಸ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಹಾಗಾಗಿ ಆ ಒಂದು ಅಂಕಿ ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ಕಟ್ಟುಮಸ್ತಾದ ಹುಡುಗನಿಗೆ 1.4 ಇದ್ದರೆ ಕಿಡ್ನಿ ಚೆನ್ನಾಗಿಯೇ ಇರಬಹುದು. 75 ವರ್ಷದ ಅಜ್ಜಿಗೆ ಅದೇ 1.4 ಬಂತು ಅಂದರೆ ಕಿಡ್ನಿಯ ಅರ್ಧಕ್ಕಿಂತ ಜಾಸ್ತಿ ಶಕ್ತಿ ಹೋಗಿದೆ ಅಂತ ಲೆಕ್ಕ. ಅದಕ್ಕೇ ವಯಸ್ಸು, ಹೆಣ್ಣೋ ಗಂಡೋ ಎಲ್ಲ ಸೇರಿಸಿ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನೋ ಅಂದಾಜು, ಅಂದರೆ ಇಜಿಎಫ್‌ಆರ್ ತೆಗೆಯುವುದು. ಅದು 60ಕ್ಕಿಂತ ಕೆಳಗಿದ್ದು, ಮೂರು ತಿಂಗಳಾದರೂ ಹಾಗೇ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ಪರೀಕ್ಷೆಯ ಹಿಂದಿನ ದಿನ ವಾಂತಿ-ಭೇದಿ ಆಗಿದ್ದರೆ, ಮಂಡಿನೋವಿಗೆ ಅಂತ ನಾಲ್ಕು ದಿನ ಡೈಕ್ಲೋಫೆನಾಕ್ ನುಂಗಿದ್ದರೆ ಒಂದು ಸಲ ಹೀಗೆ ಬರಬಹುದು. ಮತ್ತೆ ಮಾಡಿಸಿ ನೋಡಬೇಕು.

ನಿಮ್ಮ ಪತ್ರದಲ್ಲಿ ಇಲ್ಲದೇ ಇರೋದು ಇನ್ನೊಂದು ಪರೀಕ್ಷೆ: ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಎಷ್ಟು ಸೋರುತ್ತಿದೆ ಅನ್ನೋದು. ಎಸಿಆರ್ ಅಂತ ಕೇಳಿ. 24 ಗಂಟೆ ಕ್ಯಾನಿನಲ್ಲಿ ಮೂತ್ರ ಹಿಡಿದಿಡುವ ಕಷ್ಟ ಇಲ್ಲ, ಬೆಳಗ್ಗೆ ಒಂದು ಸಣ್ಣ ಡಬ್ಬಿ ಸಾಕು. 30ರ ಒಳಗಿದ್ದರೆ ಸರಿ. 30ರಿಂದ 300 ಇದ್ದರೆ ಎಚ್ಚರ, 300 ದಾಟಿದರೆ ತಡ ಮಾಡಬಾರದು. ಇಬ್ಬರಿಗೂ ಇಜಿಎಫ್‌ಆರ್ 57 ಇದ್ದು ಒಬ್ಬರ ಎಸಿಆರ್ 10, ಇನ್ನೊಬ್ಬರದು 600 ಅಂದರೆ ಅವರಿಬ್ಬರ ಮುಂದಿನ ಹತ್ತು ವರ್ಷ ಬೇರೆ ಬೇರೆ. ಶುಗರ್ ಇರುವವರಲ್ಲಿ ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮುಂಚೆಯೇ ಈ ಸೋರಿಕೆ ಶುರುವಾಗಿರುತ್ತದೆ. ಆದರೂ ವರ್ಷಕ್ಕೊಮ್ಮೆ ಮಾಡಿಸಬೇಕಾದ ಈ ಪರೀಕ್ಷೆಯನ್ನು ಮರೆಯುವವರೇ ಜಾಸ್ತಿ, ಬರೆದುಕೊಡಲು ಮರೆಯುವ ಡಾಕ್ಟರುಗಳನ್ನೂ ಸೇರಿಸಿ.

ಇನ್ನು ನಿಮ್ಮ ನೆಂಟರಿಗೆ ಹೇಳಿ: ಈ ಹಂತದಲ್ಲಿರುವ ಹೆಚ್ಚಿನವರು ಡಯಾಲಿಸಿಸ್ ತನಕ ಹೋಗುವುದೇ ಇಲ್ಲ. ಅವರಿಗೆ ಅದಕ್ಕಿಂತ ದೊಡ್ಡ ಅಪಾಯ ಹೃದಯದ್ದು. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಇವನ್ನು ನೋಡಿಕೊಂಡರೆ ಎರಡಕ್ಕೂ ಆಯಿತು.

ಪ್ರಶ್ನೆ: ನನಗೆ 47. ಶುಗರ್ ಇಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ಡಾಕ್ಟರು ಡಪಾಗ್ಲಿಫ್ಲೋಜಿನ್ ಕೊಟ್ಟರು. ಅದು ಶುಗರ್ ಮಾತ್ರೆ ಅಂತ ಮೆಡಿಕಲ್ ಶಾಪಿನವರೇ ಹೇಳಿದರು! ಒಂದು ತಿಂಗಳು ತಗೊಂಡ ಮೇಲೆ ಇಜಿಎಫ್‌ಆರ್ 48ರಿಂದ 45ಕ್ಕೆ ಇಳಿಯಿತು. ಹೆದರಿ ನಿಲ್ಲಿಸಿದ್ದೇನೆ.

ಅಯ್ಯೋ, ನಿಲ್ಲಿಸಬೇಡಿ. ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಮತ್ತೆ ಶುರುಮಾಡುವ ಬಗ್ಗೆ ಕೇಳಿ.

ಮೆಡಿಕಲ್ ಶಾಪಿನವರು ಹೇಳಿದ್ದು ಸುಳ್ಳೇನಲ್ಲ, ಹಳೆಯದು. ಈ ಮಾತ್ರೆಗಳ ಮೂಲ ಸೇಬಿನ ಮರದ ಬೇರಿನ ತೊಗಟೆ. 1835ರಲ್ಲೇ ಅದರಿಂದ ಫ್ಲೋರಿಜಿನ್ ಅನ್ನೋ ವಸ್ತು ತೆಗೆದರು. ಅದನ್ನು ತಿಂದರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಕಿಡ್ನಿ ರಕ್ತ ಸೋಸುವಾಗ ಸಕ್ಕರೆ, ಉಪ್ಪು ಎರಡನ್ನೂ ಮೊದಲು ಕೆಳಗೆ ಬಿಟ್ಟು ಆಮೇಲೆ ವಾಪಸ್ ಎಳೆದುಕೊಳ್ಳುತ್ತದೆ. ಆ ಎಳೆಯುವ ಕೆಲಸಕ್ಕೆ ಅಡ್ಡ ಹಾಕುವುದೇ ಈ ಮಾತ್ರೆ. ಶುಗರ್ ಇಳಿಸೋಕೆ ಅಂತಲೇ ಮಾರುಕಟ್ಟೆಗೆ ಬಂತು. ಆದರೆ ಉಪ್ಪು ವಾಪಸ್ ಹೋಗದೆ ಮುಂದೆ ಹರಿದಾಗ, ರಕ್ತ ಸೋಸುವ ಸಣ್ಣ ನಾಳಗಳ ಗೊಂಚಲುಗಳ ಒಳಗಿನ ಒತ್ತಡವೂ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಆ ಒತ್ತಡ ತಡೆದುಕೊಂಡೇ ಅವು ಸವೆದು ಹೋಗೋದು. ಶುಗರ್ ಇರಲಿ ಬಿಡಲಿ, ಈ ಲಾಭ ಸಿಗುತ್ತದೆ.

2019ರಲ್ಲಿ ಇದೇ ಗುಂಪಿನ ಕೆನಾಗ್ಲಿಫ್ಲೋಜಿನ್ ಮಾತ್ರೆಯ ಪ್ರಯೋಗ ಶುಗರ್ ಇದ್ದು ಕಿಡ್ನಿ ಕೆಟ್ಟವರಲ್ಲಿ ಇದನ್ನು ತೋರಿಸಿತು. 2020ರಲ್ಲಿ ನಿಮ್ಮದೇ ಮಾತ್ರೆಯನ್ನು 4,300ಕ್ಕೂ ಜಾಸ್ತಿ ಜನರಲ್ಲಿ ಪರೀಕ್ಷಿಸಿದ್ದು ಪ್ರಕಟವಾಯಿತು. ಅವರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜನಕ್ಕೆ ಶುಗರ್ ಇರಲೇ ಇಲ್ಲ. ಕಿಡ್ನಿ ತೀರಾ ಕುಸಿಯುವುದು, ಕೈಕೊಡುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾವು, ಇವೆಲ್ಲ ಸೇರಿ ಅಪಾಯ 39% ಕಡಿಮೆಯಾಗಿತ್ತು. 2023ರಲ್ಲಿ ಇದೇ ಗುಂಪಿನ ಎಂಪಾಗ್ಲಿಫ್ಲೋಜಿನ್ ಪ್ರಯೋಗದಲ್ಲೂ ಹೆಚ್ಚುಕಡಿಮೆ ಇದೇ ಕಥೆ, 28%.

ನಿಮ್ಮ 48 ಯಾಕೆ 45 ಆಯಿತು? ಒತ್ತಡ ಇಳಿದದ್ದಕ್ಕೇ. ಮೊದಲ ಕೆಲವು ವಾರ ಹೀಗೆ ನಾಲ್ಕೈದು ಅಂಕ ಇಳಿಯುವುದು ಮಾತ್ರೆ ಕೆಲಸ ಮಾಡುತ್ತಿರುವ ಗುರುತು. ಆಮೇಲೆ ಗೆರೆ ಹೆಚ್ಚುಕಡಿಮೆ ಸಮವಾಗಿ ಹೋಗುತ್ತದೆ. ಇದು ಗೊತ್ತಿಲ್ಲದೆ ನಿಮ್ಮ ಹಾಗೆ ನಿಲ್ಲಿಸಿದವರು ಬಹಳ ಜನ. ಒಂದು ಮಾತು ಮಾತ್ರ ನೆನಪಿರಲಿ: ವಾಂತಿ, ಭೇದಿ, ಜ್ವರ ಬಂದು ಊಟ ಸೇರದೆ ಇದ್ದಾಗ, ಆಪರೇಷನ್‌ಗೆ ಮುಂಚೆ, ಡಾಕ್ಟರನ್ನು ಕೇಳಿ ಕೆಲವು ದಿನ ತಡೆಹಿಡಿಯಬೇಕು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ಫಂಗಸ್ ಸೋಂಕು ಆಗಬಹುದು. ನಾಚಿಕೊಂಡು ಮುಚ್ಚಿಡಬೇಡಿ, ಸುಲಭಕ್ಕೆ ವಾಸಿಯಾಗುತ್ತದೆ.

ಇದರ ಜೊತೆಗೆ ಬಿಪಿ ಮಾತ್ರೆಗಳಲ್ಲೇ ಒಂದು ಗುಂಪು (ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಥರದವು) ಕಿಡ್ನಿಯನ್ನು ಕಾಯುತ್ತದೆ ಅನ್ನೋದು 1993ರಿಂದಲೇ ಪ್ರಯೋಗಗಳಲ್ಲಿ ಕಂಡ ವಿಷಯ. ಶುಗರ್‌ನಿಂದ ಕಿಡ್ನಿ ಕೆಟ್ಟವರಿಗೆ ಈಗ ಫಿನೆರೆನೋನ್ ಅನ್ನೋ ಮಾತ್ರೆಯೂ ಇದೆ. 2024ರಲ್ಲಿ ಸೆಮಾಗ್ಲುಟೈಡ್ ಇಂಜೆಕ್ಷನ್ ಕೂಡ ಅವರಲ್ಲಿ ಅಪಾಯವನ್ನು 24% ಇಳಿಸಿದ್ದು ಕಂಡಿತು. ಹಾಳಾದ ಭಾಗ ಯಾವ ಮಾತ್ರೆಯಿಂದಲೂ ಮತ್ತೆ ಚಿಗುರುವುದಿಲ್ಲ. ಇಳಿಯುವ ವೇಗ ತಗ್ಗುತ್ತದೆ, ಅಷ್ಟೆ. ಆದರೆ ಡಯಾಲಿಸಿಸ್ ಎಷ್ಟೋ ವರ್ಷ ಮುಂದಕ್ಕೆ ಹೋಗಬಹುದು ಅಂದರೆ ಅದು ಸಣ್ಣ ಮಾತಾ?

ಪ್ರಶ್ನೆ: ಅಮ್ಮನಿಗೆ 68, ಇಜಿಎಫ್‌ಆರ್ 34. ಯಾರೋ ಕೊಟ್ಟ ಪಟ್ಟಿ ಪ್ರಕಾರ ಹಣ್ಣು, ತರಕಾರಿ, ಬೇಳೆ, ಹಾಲು, ಮೊಟ್ಟೆ ಎಲ್ಲ ಬಂದ್. ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿದಿದ್ದಾರೆ. ಆದರೆ ಕ್ರಿಯಾಟಿನಿನ್ ಸ್ವಲ್ಪ ಕಮ್ಮಿಯಾಗಿದೆ, ಹಾಗಾಗಿ ಪಥ್ಯ ಮುಂದುವರಿಸಬಹುದಾ?

ಬೇಡ. ಆ ಪಟ್ಟಿ ಹರಿದು ಹಾಕಿ. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುತ್ತದೆ ಅಂತ ಮೇಲೆ ಹೇಳಿದೆನಲ್ಲ. ಅಮ್ಮ ಸರಿಯಾಗಿ ತಿನ್ನದೆ ಮಾಂಸಖಂಡ ಕರಗಿದೆ, ಅದಕ್ಕೇ ಅಂಕಿ ಇಳಿದಿರುವ ಸಾಧ್ಯತೆ ಜಾಸ್ತಿ. ರಿಪೋರ್ಟ್ ನೋಡಿ ಮನೆಯವರಿಗೆ ಖುಷಿ, ಅಮ್ಮನಿಗೆ ಎದ್ದು ನಿಲ್ಲೋಕೂ ಕಷ್ಟ. ಇಂಥ ಅನುಮಾನ ಇದ್ದಾಗ ಸಿಸ್ಟಾಟಿನ್ ಸಿ ಅನ್ನೋ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದು ಮಾಂಸಖಂಡವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ.

ಪ್ರೋಟೀನ್ ಪೂರ್ತಿ ಬಿಡಬೇಕು ಅಂತ ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಈ ಹಂತದಲ್ಲಿ ದೇಹದ ತೂಕದ ಕಿಲೋಗೆ ದಿನಕ್ಕೆ 0.8 ಗ್ರಾಂ. ಅಂದರೆ 55 ಕಿಲೋ ಇದ್ದರೆ 44 ಗ್ರಾಂ. 1.3 ಗ್ರಾಂ ಮೀರಬಾರದು, ಜಿಮ್ಮಿನ ಪ್ರೋಟೀನ್ ಪುಡಿ ಬೇಡವೇ ಬೇಡ. ವಯಸ್ಸಾಗಿ ತೂಕ ಇಳಿಯುತ್ತಿರುವವರಿಗೆ 0.8ಕ್ಕಿಂತ ಜಾಸ್ತಿಯೇ ಬೇಕಾಗಬಹುದು. ಮುಂದೆಂದಾದರೂ ಡಯಾಲಿಸಿಸ್ ಶುರುವಾದರೆ ಲೆಕ್ಕ ಪೂರ್ತಿ ತಿರುಗಿ 1ರಿಂದ 1.2 ಗ್ರಾಂ ಆಗುತ್ತದೆ, ಯಾಕೆಂದರೆ ಅಲ್ಲಿ ಪ್ರೋಟೀನ್ ಸೋರಿಹೋಗುತ್ತದೆ. ಹಳೆ ಪಥ್ಯವನ್ನೇ ಹಿಡಿದುಕೊಂಡು ಸೊರಗುವ ಡಯಾಲಿಸಿಸ್ ರೋಗಿಗಳನ್ನು ಈಗಲೂ ನೋಡುತ್ತೇನೆ.

ಕೆಟ್ಟ ಕಿಡ್ನಿ ಪೊಟ್ಯಾಸಿಯಂ ಸರಿಯಾಗಿ ಹೊರಹಾಕುವುದಿಲ್ಲ ಅಂತ ಹಣ್ಣು-ತರಕಾರಿ ನಿಲ್ಲಿಸುವುದು ಹಳೇ ಅಭ್ಯಾಸ. ಮೊದಲು ರಿಪೋರ್ಟ್ ನೋಡಿ. ಪೊಟ್ಯಾಸಿಯಂ 5ರ ಒಳಗಿದ್ದರೆ ಹಣ್ಣಿಗೆ ಯಾಕೆ ಬೀಗ? 5.5 ದಾಟಿದರೂ ಬಾಳೆಹಣ್ಣನ್ನು ಬೈಯುವ ಮುಂಚೆ ಬೇರೆ ಕಾರಣ ಹುಡುಕಬೇಕು: ಮಲಬದ್ಧತೆ ಇದೆಯಾ, ರಕ್ತದಲ್ಲಿ ಆಮ್ಲ ಜಾಸ್ತಿ ಆಗಿದೆಯಾ, ಶುಗರ್ ಹತೋಟಿ ತಪ್ಪಿದೆಯಾ, ಯಾವ ಮಾತ್ರೆ ತಗೋತಿದ್ದಾರೆ. ಕಡಿಮೆ ಸೋಡಿಯಂ ಉಪ್ಪು ಅಂತ ಮಾರುತ್ತಾರಲ್ಲ, ಅದರಲ್ಲಿ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಸಿಯಂ. ಅಡುಗೆಮನೆಯಲ್ಲಿ ಆ ಪ್ಯಾಕೆಟ್ ಇದ್ದರೆ ಇವತ್ತೇ ಎತ್ತಿಡಿ. ನಿಜವಾಗಿಯೂ ಕಡಿಮೆ ಮಾಡಬೇಕಾದಾಗ ಆಲೂಗಡ್ಡೆಯಂಥವನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಸಾಕಷ್ಟು ಹೋಗುತ್ತದೆ. ಜ್ಯೂಸ್ ಬದಲು ಇಡೀ ಹಣ್ಣು ಒಳ್ಳೆಯದು. ಖಂಡಿತ ಮುಟ್ಟಬಾರದ್ದು ಅಂದರೆ ಸ್ಟಾರ್ ಫ್ರೂಟ್. ಅದರಲ್ಲಿರುವ ವಿಷವನ್ನು ಕೆಟ್ಟ ಕಿಡ್ನಿ ಹೊರಹಾಕಲಾರದೆ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಜೀವವೇ ಹೋದ ಉದಾಹರಣೆಗಳಿವೆ.

ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಉಳಿದುಬಿಡುವ ಇನ್ನೊಂದು ವಸ್ತು ಫಾಸ್ಫರಸ್. ಅದರ ವಿಷಯದಲ್ಲಿ ಬೇಳೆಗೆ ಸುಮ್ನೆ ಕೆಟ್ಟ ಹೆಸರು ಬಂದಿದೆ. ಬೇಳೆ-ಕಾಳಿನಲ್ಲಿರುವ ಫಾಸ್ಫರಸ್‌ನಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಹತ್ತುತ್ತದೆ. ಫ್ಯಾಕ್ಟರಿಯಲ್ಲಿ ತಯಾರಾದ ತಿಂಡಿಗೆ ಸೇರಿಸುವ ಫಾಸ್ಫೇಟ್ ಹಾಗಲ್ಲ, ಹತ್ತಿರ ಹತ್ತಿರ ಪೂರ್ತಿ ಹತ್ತುತ್ತದೆ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ 338ರಿಂದ 341, 450ರಿಂದ 452 ಅನ್ನೋ ನಂಬರ್ ಕಂಡರೆ ಅದೇ ಅದು. ಕಪ್ಪು ಕೋಲಾದಲ್ಲೂ ಇದೆ. ನಾನಾದರೆ ಬೇಳೆ ಬಿಡಿಸುವ ಬದಲು ಆ ಪ್ಯಾಕೆಟ್ ಬಿಡಿಸುತ್ತೇನೆ. ಉಪ್ಪು ಎಲ್ಲಾ ಸೇರಿ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚ. ಇದೊಂದರಲ್ಲಿ ರಿಯಾಯಿತಿ ಇಲ್ಲ.

ಪ್ರಶ್ನೆ: ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದು ಹೋಗುತ್ತಂತೆ. ಜೊತೆಗೆ ಒಂದು ಗಿಡಮೂಲಿಕೆ ಪುಡಿಯೂ ಇದೆ.

ಕಲ್ಲಾಗುವ ಕಿಡ್ನಿಗೆ ಜಾಸ್ತಿ ನೀರು ಒಳ್ಳೆಯದು. ಸವೆಯುತ್ತಿರುವ ಕಿಡ್ನಿಗೆ ಅದರಿಂದ ಲಾಭ ಇಲ್ಲ ಅಂತ 2018ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಬಾಯಾರಿದಷ್ಟು ಕುಡಿಯಿರಿ. ಊತ ಇದ್ದರೆ ಡಾಕ್ಟರು ಹೇಳಿದಷ್ಟು. ಪುಡಿ ಬೇಡ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋಕೆ ಅಂತ ಗಿಡಮೂಲಿಕೆ ತಗೊಂಡ ಹೆಂಗಸರ ಕಿಡ್ನಿಗಳು ಒಬ್ಬರಾದ ಮೇಲೆ ಒಬ್ಬರಂತೆ ಕೆಟ್ಟವು. ಕಾರಣ ಅದರಲ್ಲಿದ್ದ ಅರಿಸ್ಟೋಲೋಕಿಕ್ ಆಮ್ಲ. ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಲ್ಲ.

ಪ್ರಶ್ನೆ: ನಮ್ಮ ಯಜಮಾನರ ಇಜಿಎಫ್‌ಆರ್ 12. ಓಡಾಡಿಕೊಂಡು ಚೆನ್ನಾಗಿದ್ದಾರೆ. ಡಯಾಲಿಸಿಸ್ ಈಗಲೇ ಶುರುಮಾಡಬೇಕಾ? ಕೈಗೆ ಆಪರೇಷನ್ ಮಾಡಿಸಿ ಅಂತಲೂ ಅಂದಿದ್ದಾರೆ.

ಬರೀ ಅಂಕಿ ನೋಡಿ ಬೇಗ ಶುರುಮಾಡಿದರೆ ಆಯಸ್ಸು ಜಾಸ್ತಿ ಆಗುವುದಿಲ್ಲ, ಇದು 2010ರ ಪ್ರಯೋಗದಲ್ಲೇ ಕಂಡಿದೆ. ವಾಂತಿ, ಹಸಿವಿಲ್ಲದಿರುವುದು, ಉಸಿರುಗಟ್ಟುವುದು, ಮಾತ್ರೆಗೆ ಬಗ್ಗದ ಪೊಟ್ಯಾಸಿಯಂ, ಇಂಥವು ಬಂದಾಗ ಶುರುಮಾಡುತ್ತಾರೆ. ತಯಾರಿ ಮಾತ್ರ ಈಗಲೇ ಆಗಬೇಕು. ಕೈ ಆಪರೇಷನ್ ಅಂದರೆ ಫಿಸ್ಟುಲಾ, ಅಪಧಮನಿಗೂ ಅಭಿಧಮನಿಗೂ ಜೋಡಣೆ. 1966ರಲ್ಲಿ ಬಂದ ಉಪಾಯ, ಇವತ್ತಿಗೂ ಇದನ್ನು ಮೀರಿಸಿದ್ದು ಇಲ್ಲ. ನಾಳ ದಪ್ಪವಾಗಿ ಡಯಾಲಿಸಿಸ್ ಸೂಜಿ ತಡೆಯುವಂತಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮುಂದೂಡಿದರೆ ಕೊನೆಗೆ ಕುತ್ತಿಗೆಗೆ ಟ್ಯೂಬ್ ಹಾಕಿಸಿಕೊಳ್ಳಬೇಕಾಗುತ್ತದೆ, ಅದರಲ್ಲಿ ಸೋಂಕಿನ ಭಯ ಜಾಸ್ತಿ.

ಫಿಸ್ಟುಲಾ ಆದ ಮೇಲೆ ದಿನಾ ಬೆಳಗ್ಗೆ ಅದರ ಮೇಲೆ ಬೆರಳಿಟ್ಟು ನೋಡಬೇಕು. ಮೊಬೈಲ್ ವೈಬ್ರೇಟ್ ಆದ ಹಾಗೆ ಜುಮ್ ಅನ್ನುತ್ತಿರಬೇಕು. ಅನ್ನದಿದ್ದರೆ ಮಧ್ಯಾಹ್ನದ ತನಕ ಕಾಯದೆ ಆಸ್ಪತ್ರೆಗೆ ಹೋಗಿ. ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ, ಭಾರದ ಚೀಲ ನೇತು ಹಾಕಬೇಡಿ. ಆಪರೇಷನ್ ಆಗುವ ತನಕವೂ ಆ ಕೈಯ ರಕ್ತನಾಳಗಳನ್ನು ಕಾಪಾಡಿಕೊಳ್ಳಿ. ಡ್ರಿಪ್ ಹಾಕುವುದಿದ್ದರೆ ಇನ್ನೊಂದು ಕೈಯ ಹಿಂಬದಿಗೆ ಅಂತ ನರ್ಸಮ್ಮನಿಗೆ ಬಾಯಿಬಿಟ್ಟು ಹೇಳಿ.

ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಬಗ್ಗೆಯೂ ಕೇಳಿ. ಕೆಲಸಕ್ಕೆ ಹೋಗುವವರಿಗೆ ಅದು ಅನುಕೂಲ, ಎಷ್ಟೋ ಕಡೆ ರೋಗಿಗೆ ಆ ಮಾತೇ ಹೇಳುವುದಿಲ್ಲ. ಮನೆಯಲ್ಲಿ ಕಿಡ್ನಿ ಕೊಡುವವರಿದ್ದರೆ ಡಯಾಲಿಸಿಸ್ ಹತ್ತಿರವೇ ಹೋಗದೆ ನೇರವಾಗಿ ಕಸಿ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ಹಂದಿ ಕಿಡ್ನಿ ಬರುತ್ತಂತಲ್ಲ, ಅಲ್ಲಿ ತನಕ ಕಾಯಬಹುದಾ?

ಕಾಯಬೇಡಿ. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಜೀನ್‌ಗಳಲ್ಲಿ 69 ಬದಲಾವಣೆ ಮಾಡಿದ ಹಂದಿಯ ಕಿಡ್ನಿಯನ್ನು ಮೊದಲ ಸಲ ಬದುಕಿರುವ ರೋಗಿಗೆ ಹಾಕಿದರು. ಅವರು ಸುಮಾರು ಎರಡು ತಿಂಗಳಿಗೆ ತೀರಿಕೊಂಡರು, ಕಿಡ್ನಿಯಿಂದಲೇ ಅನ್ನೋ ಸೂಚನೆ ಇರಲಿಲ್ಲ. 2025ರ ಜನವರಿಯಲ್ಲಿ ಅಲ್ಲೇ ಇನ್ನೊಬ್ಬರಿಗೆ ಹಾಕಿದ್ದು ಸುಮಾರು ಒಂಬತ್ತು ತಿಂಗಳು ನಡೆಯಿತು, ಆಮೇಲೆ ತೆಗೆಯಬೇಕಾಯಿತು. ಅಮೆರಿಕದಲ್ಲಿ ಕ್ರಮಬದ್ಧ ಪ್ರಯೋಗಗಳಿಗೆ ಅನುಮತಿ ಸಿಕ್ಕಿದೆ. ನನಗಂತೂ ಇದರ ಮೇಲೆ ಆಸೆ ಇದೆ, ಆದರೆ ಆಸೆ ನೆಚ್ಚಿಕೊಂಡು ಕಸಿ ಪಟ್ಟಿಯಲ್ಲಿ ಹೆಸರು ಬರೆಸುವುದನ್ನು ಮುಂದೂಡಬೇಡಿ. ಕೊಡುವವರ ರಕ್ತದ ಗುಂಪು ಹೊಂದುವುದಿಲ್ಲ ಅಂತ ಸುಮ್ಮನಾಗಿದ್ದರೂ ಇನ್ನೊಮ್ಮೆ ಕೇಳಿ. ಗುಂಪು ಬೇರೆ ಇದ್ದರೂ ಕಸಿ ಮಾಡುವ ಕ್ರಮ ಇದೆ, ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವ ದಾರಿಯೂ ಇದೆ.